‘10% ಪೆಪ್ಟೈಡ್’ ಸೀರಮ್ ಮತ್ತು ಡರ್ಮಾ ರೋಲರ್: ದಯವಿಟ್ಟು ಜೋಪಾನ

ಪೆಪ್ಟೈಡ್ (ಪ್ರೋಟೀನಿನ ಸಣ್ಣ ತುಣುಕು) ಇರುವ ಸೀರಮ್ ಹಚ್ಚುವ ಮುಂಚೆ ಮನೆಯಲ್ಲೇ ಡರ್ಮಾ ರೋಲರ್ (ಸಣ್ಣ ಸೂಜಿಗಳಿರುವ ಉರುಳೆ) ಆಡಿಸಿಕೊಳ್ಳಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಪೂರ್ತಿ ಓದುವ ತಾಳ್ಮೆ ಎಲ್ಲರಿಗೂ ಇರಲ್ಲ, ಅದಕ್ಕೇ ಇದನ್ನು ಮೊದಲೇ ಹೇಳಿಬಿಟ್ಟೆ.

ನಾನು ತರಿಸಿದ್ದು ಆನ್‌ಲೈನ್‌ನಲ್ಲಿ ಮಾತ್ರ ಸಿಗುವ ಸೀರಮ್. ಬಾಟಲಿ ಮೇಲೆ ದಪ್ಪ ಅಕ್ಷರದಲ್ಲಿ ‘10% ಪೆಪ್ಟೈಡ್’, ಕೆಳಗೆ ‘ಸೂಜಿಯಿಲ್ಲದ ಬೊಟಾಕ್ಸ್’. ಬೊಟಾಕ್ಸ್ ಅಂದರೆ ಸ್ನಾಯು ಸಡಿಲಿಸಿ ಗೆರೆ ಕಡಿಮೆ ಮಾಡುವ ಇಂಜೆಕ್ಷನ್. ಬಾಟಲಿ ಮುಗಿಯುತ್ತಾ ಬಂದರೂ ಹಣೆಯ ಗೆರೆಗಳು ಇದ್ದ ಹಾಗೇ ಇದ್ದವು. ಚರ್ಮ ಸ್ವಲ್ಪ ಮೆತ್ತಗಾಗಿತ್ತು ನಿಜ, ಆದರೆ ಆ ಕೆಲಸ ಬರೀ ಗ್ಲಿಸರಿನ್ ಕೂಡ ಮಾಡುತ್ತೆ. ಕಸ್ಟಮರ್ ಕೇರ್‌ಗೆ ಬರೆದೆ. ‘ಪೆಪ್ಟೈಡ್ ಒಳಗೆ ಇಳಿದಿಲ್ಲ ಮೇಡಂ, ರೋಲರ್ ಜೊತೆ ಹಚ್ಚಿ’ ಅಂತ ಉತ್ತರ ಬಂತು. ಜೊತೆಗೆ ಅವರದೇ ರೋಲರ್‌ನ ಲಿಂಕ್. ಸುಮ್ನೆ ಹಚ್ಚಿದರೆ ಇಳಿಯಲ್ಲ ಅಂತ ಗೊತ್ತಿದ್ದವರು ಅಲ್ಲಿಯವರೆಗೆ ಮಾರಿದ್ದಾದರೂ ಏನನ್ನು?

ರೋಲರ್ ಆಡಿಸಿ ಸೀರಮ್ ಹಚ್ಚಿದ ರಾತ್ರಿಯೇ ಉರಿ ಶುರುವಾಯಿತು. ಬೆಳಿಗ್ಗೆ ರೋಲರ್ ಹೋದ ದಾರಿಯುದ್ದಕ್ಕೂ ಕೆಂಪು ಪಟ್ಟಿ, ಅದರ ಮೇಲೆ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು. ರೆಪ್ಪೆ ಊದಿ ಎಡಗಣ್ಣು ಅರ್ಧ ಮುಚ್ಚಿತ್ತು. ಚರ್ಮದ ಡಾಕ್ಟರು ಮೊದಲು ಊತ ಇಳಿಸಿದರು. ಆಮೇಲೆ ಯಾವುದರಿಂದ ಅಲರ್ಜಿ ಅಂತ ತಿಳಿಯಲು ಬೆನ್ನಿಗೆ ಪ್ಯಾಚ್ ಟೆಸ್ಟ್ ಪಟ್ಟಿ ಅಂಟಿಸಿ, 48 ಗಂಟೆ ನೀರು ತಾಗಿಸಬೇಡಿ ಅಂದರು. ಪಟ್ಟಿ ತೆಗೆದಾಗ ಸುಗಂಧದ ಮಿಶ್ರಣ ಇಟ್ಟ ಜಾಗ ಕೆಂಪಗೆ ಉಬ್ಬಿತ್ತು. ಅಂದರೆ ನನಗೆ ಆಗಿ ಬರದೇ ಇದ್ದದ್ದು ಪೆಪ್ಟೈಡ್ ಅಲ್ಲ, ಘಮಘಮ ಅನ್ನಲಿ ಅಂತ ಸೇರಿಸಿದ ಪರ್ಫ್ಯೂಮ್. ಚರ್ಮದ ಮೇಲೇ ಉಳಿಯಬೇಕಾದ್ದನ್ನು ರೋಲರ್ ಒಳಗೆ ಕಳಿಸಿತ್ತು. ನಾನು ಬೇಗ ಪಾರಾದೆ ಅನ್ನಬೇಕು. ಸೂಜಿ ಚುಚ್ಚಿದ ಮುಖಕ್ಕೆ ಸೀರಮ್ ಹಚ್ಚಿಸಿಕೊಂಡು ಗ್ರ್ಯಾನುಲೋಮ ಅನ್ನೋ ಗಟ್ಟಿ ಗಂಟುಗಳಾದ ಮೂವರು ಹೆಂಗಸರ ವಿವರ 2014ರಲ್ಲೇ ‘ಜಾಮಾ ಡರ್ಮಟಾಲಜಿ’ ಅನ್ನೋ ಚರ್ಮರೋಗದ ವೈದ್ಯಕೀಯ ಪತ್ರಿಕೆಯಲ್ಲಿ ಬಂದಿದೆ.

ಇನ್ನು ಆ 10%ರ ಕಥೆ. ಬಾಟಲಿಯಲ್ಲಿದ್ದದ್ದು ಅಸಿಟೈಲ್ ಹೆಕ್ಸಾಪೆಪ್ಟೈಡ್-8. ಕ್ರೀಮ್ ಮಾಡುವವರಿಗೆ ಇದು ಹೆಚ್ಚಾಗಿ ನೀರಿನಲ್ಲಿ ಕರಗಿಸಿದ ದ್ರಾವಣವಾಗಿ ಬರುತ್ತದೆ. ಸಾಮಾನ್ಯವಾಗಿ ಬಳಸುವ ಒಂದು ದ್ರಾವಣದಲ್ಲಿ ಅಸಲಿ ಪೆಪ್ಟೈಡ್ ಇರುವುದು 0.05%. ಅದನ್ನು 10% ಹಾಕಿದರೆ 30 ಎಂಎಲ್ ಬಾಟಲಿಯಲ್ಲಿ 3 ಎಂಎಲ್ ದ್ರಾವಣ. ಅದರಲ್ಲಿ ಪೆಪ್ಟೈಡ್ ಸುಮಾರು ಒಂದೂವರೆ ಮಿಲಿಗ್ರಾಂ! ಬಾಟಲಿಯ ಹಿಂಬದಿಯ ಲೇಬಲ್ ನೋಡಿದರೂ ಸುಳಿವು ಸಿಗುತ್ತೆ. ಫೀನಾಕ್ಸಿಎಥನಾಲ್ ಅನ್ನೋ ಪ್ರಿಸರ್ವೇಟಿವ್ ಯುರೋಪಿನ ನಿಯಮದಂತೆ 1% ಮೀರುವಂತಿಲ್ಲ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚಿರುವುದು ಮೊದಲು ಬರುತ್ತೆ, ಹಾಗಾಗಿ ಅದರ ನಂತರ ಬಂದದ್ದೆಲ್ಲ ಸಾಮಾನ್ಯವಾಗಿ 1%ಗಿಂತ ಕಡಿಮೆ ಅಂತ ಲೆಕ್ಕ. ನನ್ನ ಬಾಟಲಿಯಲ್ಲಿ ಪೆಪ್ಟೈಡ್ ಇದ್ದದ್ದು ಅದರ ನಂತರ, ಪರ್ಫ್ಯೂಮ್‌ನ ಪಕ್ಕದಲ್ಲೇ.

ಈ ಪೆಪ್ಟೈಡ್ ಹಿಂದಿನ ಯೋಚನೆ ಜಾಣತನದ್ದೇ. ನರದಿಂದ ಸ್ನಾಯುವಿಗೆ ಸಂದೇಶ ಹೋಗಲು ಸ್ನ್ಯಾಪ್-25 ಅನ್ನೋ ಪ್ರೋಟೀನ್ ಬೇಕು. ಬೊಟಾಕ್ಸ್ ಅದನ್ನೇ ಕತ್ತರಿಸುತ್ತೆ. ಈ ಪೆಪ್ಟೈಡ್ ಅದೇ ಪ್ರೋಟೀನಿನ ಒಂದು ತುದಿಯ ನಕಲು, ಅದರ ಜಾಗಕ್ಕೆ ಪೈಪೋಟಿ ಕೊಡಲಿ ಅಂತ ಮಾಡಿದ್ದು. ಆದರೆ ಸುಮಾರು 500 ಡಾಲ್ಟನ್‌ಗಿಂತ (ಅಣುವಿನ ತೂಕದ ಅಳತೆ) ದೊಡ್ಡ ಅಣು ಚರ್ಮ ದಾಟುವುದು ಕಷ್ಟ, ಇದರ ತೂಕ 889 ಡಾಲ್ಟನ್. ಸ್ನಾಯು ಇರುವುದು ಇನ್ನೂ ಆಳದಲ್ಲಿ. ಬೊಟಾಕ್ಸ್‌ಗೆ ಸೂಜಿ ಬೇಕಾಗುವುದೂ ಅದಕ್ಕೇ ಅಲ್ವಾ?

ಎಲ್ಲಾ ಪೆಪ್ಟೈಡ್‌ಗಳೂ ದಂಡ ಅಂತ ನಾನು ಹೇಳಲ್ಲ. ಪಾಮಿಟಾಯ್ಲ್ ಪೆಂಟಾಪೆಪ್ಟೈಡ್-4ಕ್ಕೆ ಕೊಬ್ಬಿನ ಬಾಲ ಜೋಡಿಸಿರುವುದರಿಂದ ಸ್ವಲ್ಪ ಜಾಸ್ತಿ ಒಳಗೆ ಹೋಗುತ್ತೆ. 2005ರ ಒಂದು ಅಧ್ಯಯನದಲ್ಲಿ 12 ವಾರ ಹಚ್ಚಿದ ಮೇಲೆ ಸಣ್ಣ ಗೆರೆಗಳು ತುಸು ಕಡಿಮೆಯಾಗಿದ್ದವು. ತುಸು ಮಾತ್ರ. ಅಧ್ಯಯನ ಮಾಡಿಸಿದ್ದೂ ಕ್ರೀಮ್ ಕಂಪನಿಯೇ.

ಬಾಟಲಿ ತೆರೆದಿದೆ ಅಂತ ನನಗೆ ದುಡ್ಡು ವಾಪಸ್ ಕೊಡಲಿಲ್ಲ. ಈಗ ಅದೇ ಮಾರಾಟಗಾರರು ಕಾಪರ್ ಪೆಪ್ಟೈಡ್ ಪುಡಿಯ ಸಣ್ಣ ಸೀಸೆಗಳನ್ನು ಮಾರಲು ಶುರು ಮಾಡಿದ್ದಾರೆ, ನೀರಲ್ಲಿ ಕಲಸಿ ರೋಲರ್ ಜೊತೆ ಹಚ್ಚಿ ಅಂತ. ಫೋಟೋ ಹಿಗ್ಗಿಸಿ ನೋಡಿದೆ. ಲೇಬಲ್‌ನ ಮೂಲೆಯಲ್ಲಿ ‘ಸಂಶೋಧನೆಗೆ ಮಾತ್ರ’ ಅಂತಿದೆ. ಅಂಥ ಸೀಸೆಯೊಳಗಿನದು ಮನುಷ್ಯರ ಮೇಲೆ ಬಳಸಲು ಒಪ್ಪಿಗೆ ಪಡೆದದ್ದಲ್ಲ. ಲಿಂಕ್ ನಿಮಗೂ ಬಂದರೆ ತೆರೆಯಲು ಹೋಗಬೇಡಿ.