ಸಿಯೆರಾದ ರೋಡ್‌ಸ್ಟರೋ, ಎಂಎಕ್ಸ್-5ರ ಎಕ್ಸೋಸೆಟ್ಟೋ: ಮನೆಯ ಗ್ಯಾರೇಜಿನಲ್ಲಿ ಕಟ್ಟಿದ ಎರಡು ಕಾರುಗಳ ಹೋಲಿಕೆ

ಕಡಿಮೆ ಖರ್ಚಿನಲ್ಲಿ ಸ್ವಂತ ಕೈಯಿಂದ ಕಾರು ಕಟ್ಟಿ ಅದನ್ನು ಕಾನೂನುಬದ್ಧವಾಗಿ ರಸ್ತೆಗಿಳಿಸಲು ಬ್ರಿಟನ್ನಿನಲ್ಲಿ ಇಂದಿಗೂ ದಾರಿಯಿದೆ. ಕಾಲಿನ್ ಚಾಪ್ಮನ್ 1957ರಲ್ಲಿ ಹೊರತಂದ ಲೋಟಸ್ ಸೆವೆನ್ ಕಾರನ್ನು ಬಿಡಿಭಾಗಗಳಾಗಿಯೂ ಕೊಂಡು ಮನೆಯಲ್ಲಿ ಜೋಡಿಸಿಕೊಳ್ಳಬಹುದಾಗಿತ್ತು. ಹಳೆಯ ಫೋರ್ಡ್ ಎಸ್ಕಾರ್ಟಿನ ಭಾಗಗಳಿಂದ ಅದೇ ಬಗೆಯ ಕಾರನ್ನು ಕಟ್ಟುವ ಕ್ರಮವನ್ನು ರಾನ್ ಚಾಂಪಿಯನ್ 1996ರ ತಮ್ಮ ಕೈಪಿಡಿಯಲ್ಲಿ ತೋರಿಸಿಕೊಟ್ಟ ಮೇಲೆ ಈ ಹವ್ಯಾಸ ಸಾಮಾನ್ಯ ಸಂಬಳದವರ ಕೈಗೂ ಎಟುಕಿತು. ಆ ಎಸ್ಕಾರ್ಟನ್ನು ಈಗ ಸಂಗ್ರಹಕಾರರು ದುಬಾರಿ ಬೆಲೆ ಕೊಟ್ಟು ಕೊಳ್ಳುತ್ತಾರೆ. ಕೇಟರ್‌ಹ್ಯಾಮ್‌ನಂಥ ಕಂಪನಿಗಳ ಕಿಟ್ಟುಗಳು ಬಹಳ ಚೆನ್ನಾಗಿವೆಯಾದರೂ ಅಗ್ಗದ ಲೆಕ್ಕಕ್ಕೆ ಸೇರುವುದಿಲ್ಲ. ಹೀಗಾಗಿ ಮಿತವ್ಯಯಿಗಳ ಮುಂದೆ ಉಳಿಯುವ ಮುಖ್ಯ ದಾರಿಗಳು ಎರಡು. ಒಂದು, ಕ್ರಿಸ್ ಗಿಬ್ಸ್ 2007ರ ಕೈಪಿಡಿಯಲ್ಲಿ ನಕ್ಷೆಸಮೇತ ಕೊಟ್ಟಿರುವ, ಫೋರ್ಡ್ ಸಿಯೆರಾದ ಭಾಗಗಳನ್ನು ಬಳಸುವ ಹೇನ್ಸ್ ರೋಡ್‌ಸ್ಟರ್. ಇದರ ಚಾಸಿಯನ್ನು ನಾವೇ ವೆಲ್ಡ್ ಮಾಡಿಕೊಳ್ಳಬೇಕು. ಇನ್ನೊಂದು, ಸ್ಟುವರ್ಟ್ ಮಿಲ್ಸ್ ವಿನ್ಯಾಸಗೊಳಿಸಿದ, ಮಾಜ್ದಾ ಎಂಎಕ್ಸ್-5ರ ಯಂತ್ರಭಾಗಗಳ ಮೇಲೆ ಕೂರುವ ಮೆವ್ ಎಕ್ಸೋಸೆಟ್. ಇದರ ಚಾಸಿ ಸಿದ್ಧವಾಗಿಯೇ ಬರುತ್ತದೆ.

ಕಾವೆಂಟ್ರಿಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಮೊದಲು ರೋಡ್‌ಸ್ಟರನ್ನೂ ಅದು ಮುಗಿದ ಮೇಲೆ ಎಕ್ಸೋಸೆಟ್ಟನ್ನೂ ಕಟ್ಟಿದ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಚಾಸಿಯ ಬೆಲೆಯನ್ನು ನೋಡಿ ಆಯ್ಕೆ ಮಾಡಬಾರದು, ಭಾಗಗಳನ್ನು ಬಿಚ್ಚಿಕೊಳ್ಳುವ ಹಳೆಯ ಕಾರು, ಅಂದರೆ ಡೋನರ್ ಯಾವುದೆಂಬುದನ್ನು ನೋಡಿ ಆಯ್ಕೆ ಮಾಡಬೇಕು.

ರೋಡ್‌ಸ್ಟರಿನ ಚಾಸಿಗೆ ಬೇಕಾಗುವುದು ಮುಖ್ಯವಾಗಿ 25 ಮಿ.ಮೀ. ಅಗಲದ, 16 ಗೇಜಿನ ಉಕ್ಕಿನ ಸ್ಕ್ವೇರ್ ಪೈಪು. ಅದರ ಬೆಲೆ ಸಿದ್ಧ ಚಾಸಿಯ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಹೊಸಬರು ಮರುಳಾಗುವುದು ಇಲ್ಲಿಯೇ. ಮಿಗ್ ವೆಲ್ಡಿಂಗ್ ಯಂತ್ರ, ಗ್ಯಾಸ್ ಸಿಲಿಂಡರಿನ ಬಾಡಿಗೆ, ಆಂಗಲ್ ಗ್ರೈಂಡರ್, ನೋಡನೋಡುತ್ತಿದ್ದಂತೆ ಸವೆದುಹೋಗುವ ಕಟಿಂಗ್ ವೀಲುಗಳು, ಮಟ್ಟಸವಾದ ದೊಡ್ಡ ಹಲಗೆ ಇವೆಲ್ಲವೂ ಆ ಲೆಕ್ಕಕ್ಕೆ ಸೇರಬೇಕು. ಹಲಗೆಯ ಮೇಲೆ ನಕ್ಷೆಯನ್ನು ನಿಜ ಅಳತೆಯಲ್ಲಿ ಗೀಚಿ, ಪ್ರತಿ ಪೈಪಿನ ಎರಡೂ ಬದಿಗೆ ಮರದ ಚಿಕ್ಕ ತುಂಡುಗಳನ್ನು ಸ್ಕ್ರೂ ಹಾಕಿ ಕೂರಿಸಿದರೆ, ಬೆಸೆಯುವಾಗ ಪೈಪು ಅಲುಗಾಡದೆ ತನ್ನ ಜಾಗದಲ್ಲೇ ನಿಲ್ಲುತ್ತದೆ. ಪೀಣ್ಯದಲ್ಲಿ ಫ್ಯಾಬ್ರಿಕೇಶನ್ ಕೆಲಸದಲ್ಲಿ ಪಳಗಿ ಇಲ್ಲಿಗೆ ಬಂದ ಹಿರಿಯ ಗೆಳೆಯರೊಬ್ಬರು ನನ್ನ ಜೊತೆಗಿದ್ದರು. ಅವರು ಮೊದಲ ಸಂಜೆಯೇ, "ಶುರುವಿಗೇ ಫುಲ್ ವೆಲ್ಡಿಂಗ್ ಹೊಡೀಬೇಡಿ ಸಾರ್, ಎಲ್ಲಾ ಕಡೆ ಟ್ಯಾಕ್ ಹಾಕ್ಕೊಂಡು ಮೂಲೆಯಿಂದ ಮೂಲೆಗೆ ಅಳತೆ ನೋಡೋಣ," ಎಂದರು. ಬಿಸಿಯಾದ ಉಕ್ಕು ಆರುವಾಗ ಕುಗ್ಗುತ್ತದೆ. ಒಂದೇ ಮೂಲೆಯನ್ನು ಪೂರ್ತಿ ಬೆಸೆದರೆ ಇಡೀ ಚೌಕಟ್ಟು ಆ ಕಡೆಗೆ ಸೆಳೆದುಕೊಂಡು ಸೊಟ್ಟಗಾಗುತ್ತದೆ. ಆದ್ದರಿಂದ ಚೌಕಟ್ಟಿನ ಎಲ್ಲ ಕೂಡುಗಳಿಗೂ ಬೊಟ್ಟಿನಷ್ಟೇ ಟ್ಯಾಕ್ ಹಾಕಿ, ಎರಡೂ ಕರ್ಣಗಳ ಅಳತೆ ಸಮವಾಗಿರುವುದನ್ನು ಖಚಿತಪಡಿಸಿಕೊಂಡು, ಬಳಿಕ ಎದುರುಬದುರು ಮೂಲೆಗಳನ್ನು ಸರದಿಯಂತೆ ಬೆಸೆಯಬೇಕು. ಈ ಕೆಲಸ ಕೊಡುವ ತೃಪ್ತಿ ದೊಡ್ಡದು. ಕಾರೊಂದರ ಭಾರ ಯಾವ ಕೊಳವೆಯಿಂದ ಯಾವುದಕ್ಕೆ ಹರಿಯುತ್ತದೆ ಎಂಬುದನ್ನು ಹೀಗೆ ಕೈಯಾರೆ ತಿಳಿದುಕೊಳ್ಳುವ ಅವಕಾಶ ಸಿದ್ಧ ಕಿಟ್ಟಿನಲ್ಲಿ ಸಿಗುವುದಿಲ್ಲ.

ತೊಡಕು ಆರಂಭವಾಗುವುದು ಸಿಯೆರಾವನ್ನು ಮನೆಗೆ ತಂದ ಮೇಲೆ. 1993ರಲ್ಲಿ ತಯಾರಿಕೆ ನಿಂತ ಆ ಕಾರು ಗುಜರಿಯಲ್ಲೂ ಈಗ ಅಪರೂಪ. ಸಿಕ್ಕರೂ ತುಕ್ಕು ಹಿಡಿದಿರುತ್ತದೆ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಅದರಿಂದ ಬಿಚ್ಚಿದ ಒಂದೊಂದು ಭಾಗವನ್ನೂ ಹೊಸ ಕಾರಿಗೆ ಒಗ್ಗಿಸಬೇಕಾಗುತ್ತದೆ. ಸಿಯೆರಾದ ಪಿಂಟೋ ಎಂಬ ಇಂಜಿನ್ ಎತ್ತರವಾಗಿರುವುದರಿಂದ ತಗ್ಗಿನ ಬಾನೆಟ್ಟಿನಡಿ ಕೂರಿಸಲು ಅದರ ತಳದಲ್ಲಿ ಆಯಿಲ್ ನಿಲ್ಲುವ ತೊಟ್ಟಿಯಾದ ಸಂಪನ್ನು ಕತ್ತರಿಸಿ ಗಿಡ್ಡಗೊಳಿಸಬೇಕು. ಮುಂಚಕ್ರವನ್ನು ಹಿಡಿದಿರುವ ಅಪ್‌ರೈಟುಗಳು ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಬೇರೆ ಬಗೆಯ ಸಸ್ಪೆನ್ಷನ್ನಿಗೆಂದು ಮಾಡಿದವು. ಅವುಗಳನ್ನು ರೋಡ್‌ಸ್ಟರಿನ ಮೇಲಿನ ವಿಶ್‌ಬೋನಿಗೆ, ಅಂದರೆ ಚಕ್ರವನ್ನು ಚಾಸಿಗೆ ಸೇರಿಸುವ ಕವಲುತೋಳಿಗೆ ಜೋಡಿಸಲು ಅಣಬೆಯಾಕಾರದ ಅಡಾಪ್ಟರನ್ನು ಬೇರೆಯಾಗಿ ಕೊಳ್ಳಬೇಕು. ಗೇರ್‌ಬಾಕ್ಸಿನಿಂದ ಹಿಂದಕ್ಕೆ ಶಕ್ತಿ ಸಾಗಿಸುವ ಪ್ರೊಪೆಲರ್ ಶಾಫ್ಟನ್ನು ಕುಗ್ಗಿಸಿ ಬ್ಯಾಲೆನ್ಸ್ ಮಾಡಿಸಲು ಪರಿಣತರ ವರ್ಕ್‌ಶಾಪಿಗೇ ಕಳುಹಿಸಬೇಕು, ಏಕೆಂದರೆ ಅದನ್ನು ಮನೆಯಲ್ಲಿ ಮಾಡುವುದು ಅಪಾಯಕರ. ಒಂದೊಂದೂ ಸಣ್ಣ ಖರ್ಚೇ. ಆದರೆ ಹನಿಗೂಡಿ ಹಳ್ಳವಾಗಿ, ಚಾಸಿಯಲ್ಲಿ ಉಳಿಸಿದ ಹಣದ ಬಹುಪಾಲು ಇಲ್ಲಿ ಕರಗಿಹೋಯಿತು.

ಎಂಎಕ್ಸ್-5ರ ವಿಷಯದಲ್ಲಿ ಎಲ್ಲವೂ ತಿರುವುಮುರುವು. ಆ ಕಾರಿಗೆ ತುಕ್ಕು ಹಿಡಿಯುವುದು ಬಾಗಿಲಿನ ಕೆಳಗಿನ ಸಿಲ್ಲುಗಳಲ್ಲಿ ಮತ್ತು ಹಿಂಚಕ್ರದ ಮೇಲಿನ ಕಮಾನುಗಳಲ್ಲಿ. ಸಿಲ್ಲು ಕೊಳೆತ ಕಾರು ವಾರ್ಷಿಕ ತಪಾಸಣೆಯಲ್ಲಿ ಅನುತ್ತೀರ್ಣವಾಗುವುದರಿಂದ, ಇಂಜಿನ್ ಗಟ್ಟಿಮುಟ್ಟಾಗಿದ್ದರೂ ಮಾಲೀಕರು ಅದನ್ನು ಅಗ್ಗಕ್ಕೆ ಕೊಟ್ಟುಬಿಡುತ್ತಾರೆ. ಎಕ್ಸೋಸೆಟ್ ಕಟ್ಟುವವರು ಬಿಸಾಡುವುದು ಕೊಳೆತ ಆ ಬಾಡಿಯನ್ನೇ! ಡೋನರಿನ ದೋಷವೂ ಕಟ್ಟುವವರ ಅಗತ್ಯವೂ ಇಷ್ಟು ಚೆನ್ನಾಗಿ ಹೊಂದಿಕೊಂಡಿರುವುದೇ ಎಕ್ಸೋಸೆಟ್ಟಿನ ನಿಜವಾದ ಬಲವೆಂದು ನಾನು ನಂಬಿದ್ದೇನೆ. ಬ್ರೇಕ್ ಪೈಪು, ವೈರಿಂಗ್, ಸ್ಟೀರಿಂಗ್ ಕಾಲಮ್, ಪೆಟ್ರೋಲ್ ಟ್ಯಾಂಕುಗಳನ್ನು ಬಿಡಿಸಿ ಬಾಡಿಯನ್ನು ಮೇಲಕ್ಕೆತ್ತಿದರೆ, ಚಕ್ರಗಳ ಜೋಡಣೆಯನ್ನು ಹೊತ್ತಿರುವ ಮುಂದಿನ ಮತ್ತು ಹಿಂದಿನ ಉಪಚೌಕಟ್ಟುಗಳು, ಅಂದರೆ ಸಬ್‌ಫ್ರೇಮುಗಳು, ಇಂಜಿನ್, ಗೇರ್‌ಬಾಕ್ಸ್, ಹಿಂಚಕ್ರಗಳಿಗೆ ಶಕ್ತಿ ಹಂಚುವ ಡಿಫರೆನ್ಷಿಯಲ್ ಎಲ್ಲವೂ ಒಂದೇ ಅಸ್ಥಿಪಂಜರದಂತೆ ನೆಲದ ಮೇಲೆ ಉಳಿಯುತ್ತವೆ. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲ್ಲಿಗೂ ನಡುವೆ ಉದ್ದದ ಅಲ್ಯುಮಿನಿಯಂ ತೊಲೆಯೊಂದನ್ನು ಮಾಜ್ದಾದವರೇ ಕೂರಿಸಿರುವುದರಿಂದ ಇದು ಸಾಧ್ಯವಾಗುತ್ತದೆ. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ ಬದಲಾಗದ ಕಾರಣ ಪ್ರೊಪೆಲರ್ ಶಾಫ್ಟನ್ನು ಮುಟ್ಟುವಂತೆಯೇ ಇಲ್ಲ. ಹೊಸ ಚಾಸಿಯನ್ನು ಮೇಲಿನಿಂದ ಇಳಿಸಿ ಬೋಲ್ಟು ಬಿಗಿಯುವುದಷ್ಟೇ.

ಬಿಚ್ಚುವ ಕೆಲಸವೇನೂ ಸುಲಭವಲ್ಲ. ಕೆಳಗಿನ ವಿಶ್‌ಬೋನುಗಳ ಉದ್ದನೆಯ ಬೋಲ್ಟುಗಳು ಕೀಲಿನ ರಬ್ಬರ್ ಬುಶ್ಶಿನೊಳಗಿನ ಉಕ್ಕಿನ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿರುತ್ತವೆ. ಸ್ಪಾನರಿಗೆ ಎಷ್ಟು ಬಲ ಹಾಕಿದರೂ ಬೋಲ್ಟು ತಿರುಗಿದಂತೆ ಕಾಣುತ್ತದೆ, ಕೈಬಿಟ್ಟೊಡನೆ ರಬ್ಬರಿನ ಸೆಳೆತಕ್ಕೆ ಮೊದಲಿನ ಜಾಗಕ್ಕೇ ಮರಳುತ್ತದೆ. ಕೊನೆಗೆ ಗ್ರೈಂಡರಿನಿಂದ ಕೊಯ್ದೇ ತೆಗೆದೆವು. ಅವೇ ಬೋಲ್ಟುಗಳು ಚಕ್ರದ ಕೋನಗಳನ್ನು ಹೊಂದಿಸುವ ಸಾಧನವೂ ಆಗಿರುವುದರಿಂದ ಹೊಸವನ್ನೇ ಹಾಕಬೇಕು.

ಕಳಚಿದ ಭಾಗಗಳ ಮಾರಾಟವನ್ನು ಲೆಕ್ಕಕ್ಕೆ ಹಿಡಿಯದೆ ಈ ಹೋಲಿಕೆ ಪೂರ್ಣವಾಗದು. ರಸ್ತೆಯಲ್ಲಿ ಓಡುವ ಎಂಎಕ್ಸ್-5ಗಳು ಬಹಳವಿರುವುದರಿಂದ ಬಾಗಿಲು, ಮಡಿಸುವ ಹುಡ್, ಡಿಕ್ಕಿಯ ಮುಚ್ಚಳ, ಮೇಲೇಳುವ ಹೆಡ್‌ಲೈಟುಗಳಿಗೆ ಗಿರಾಕಿಗಳು ಮನೆಬಾಗಿಲಿಗೇ ಬಂದರು. ಡೋನರಿಗೆ ಕೊಟ್ಟ ಹಣದಲ್ಲಿ ಒಳ್ಳೆಯ ಪಾಲು ಹಿಂತಿರುಗಿತು. ಸಿಯೆರಾದ ಬಾಡಿಯನ್ನು ತೂಕಕ್ಕೆ ಮಾರಿದೆವು. ವೈರಿಂಗಿನಲ್ಲೂ ಇದೇ ವ್ಯತ್ಯಾಸ: ಮಾಜ್ದಾದ ಮೂಲ ವೈರಿಂಗನ್ನು ಬೇಡದ ಕವಲು ಕಳೆದು ಬಳಸಿಕೊಳ್ಳಬಹುದು, ಸಿಯೆರಾದ್ದು ಒಣಗಿ ಬಿರುಕುಬಿಟ್ಟಿದ್ದರಿಂದ ಹೊಸದನ್ನೇ ಕೊಳ್ಳಬೇಕಾಯಿತು.

ಎರಡೂ ಕಾರುಗಳು ರಸ್ತೆಗಿಳಿಯುವ ಮುನ್ನ ಐವಿಎ ಎಂಬ ಸರ್ಕಾರಿ ತಪಾಸಣೆಯನ್ನು ದಾಟಬೇಕು. ಅಲ್ಲಿ ಚಾಸಿಯನ್ನು ಯಾರು ಬೆಸೆದರೆಂಬುದಕ್ಕಿಂತ ಬೆಸುಗೆ ಹೇಗಿದೆ ಎಂಬುದು ಮುಖ್ಯ. ಕಾರಿನ ಹೊರಮೈಯಲ್ಲಿ 100 ಮಿ.ಮೀ. ವ್ಯಾಸದ ಗೋಲಕ್ಕೆ ತಾಗುವ ಅಂಚುಗಳೆಲ್ಲ ಕನಿಷ್ಠ 2.5 ಮಿ.ಮೀ. ತ್ರಿಜ್ಯದಷ್ಟು ದುಂಡಗಿರಬೇಕು. ಆದ್ದರಿಂದ ಕೊಳವೆಗಳೆಲ್ಲ ಹೊರಗೇ ಕಾಣುವ ಎಕ್ಸೋಸೆಟ್ಟಿನಲ್ಲಿ ಬ್ರಾಕೆಟ್ಟುಗಳಿಗೂ ಬೋಲ್ಟುಗಳ ತುದಿಗಳಿಗೂ ರಬ್ಬರ್ ಪಟ್ಟಿ ಮತ್ತು ಟೋಪಿ ತೊಡಿಸುವ ಕೆಲಸ ರೋಡ್‌ಸ್ಟರಿಗಿಂತ ಹೆಚ್ಚು. ಸ್ಟೀರಿಂಗನ್ನು ತಿರುಗಿಸಿ ಕೈಬಿಟ್ಟರೆ ಅದು ತಾನಾಗಿ ನೇರಕ್ಕೆ ಮರಳಬೇಕೆಂಬ ನಿಯಮ ಹಗುರವಾದ ಇಂಥ ಕಾರುಗಳಿಗೆ ನಿಜವಾದ ಪರೀಕ್ಷೆ. ಎಕ್ಸೋಸೆಟ್ಟಿನಲ್ಲಿ ಆ ಹೊಸ ಬೋಲ್ಟುಗಳನ್ನು ತಿರುಗಿಸಿ ಕ್ಯಾಸ್ಟರ್ ಕೋನವನ್ನು, ಅಂದರೆ ಮುಂಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನವನ್ನು ಹೆಚ್ಚಿಸಿದ್ದೇ ಸಾಕಾಯಿತು. ರೋಡ್‌ಸ್ಟರಿನಲ್ಲಿ ಆ ಕೋನ ಬಹುಮಟ್ಟಿಗೆ ನಾವು ವಿಶ್‌ಬೋನುಗಳನ್ನು ಬೆಸೆದ ದಿನವೇ ನಿಗದಿಯಾಗಿರುತ್ತದೆ. ಆದ್ದರಿಂದ ಬೆಸೆಯುವಾಗ ಅವುಗಳನ್ನು ಹಿಡಿದಿಡುವ ಅಚ್ಚನ್ನು, ಅಂದರೆ ಜಿಗ್ಗನ್ನು ಚಾಸಿಗಿಂತಲೂ ಹೆಚ್ಚಿನ ಎಚ್ಚರದಿಂದ ಮಾಡಬೇಕು.

ಊರಿನಲ್ಲಿರುವ ನನ್ನ ಅಣ್ಣ, "ಹಾಸನದ ಮನೆ ಶೆಡ್ಡಲ್ಲಿ ಇಂಥದೊಂದು ಮಾಡೋಕಾಗಲ್ವೇನೋ?" ಎಂದು ಕೇಳಿದ್ದುಂಟು. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಬದಲಿಸುವುದನ್ನು ಭಾರತದ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಆದ್ದರಿಂದ ಹಳೆಯ ಕಾರಿನ ಬಾಡಿ ಕಳಚಿ ಹೊಸ ಚಾಸಿ ಹಾಕಿ ನಮ್ಮಲ್ಲಿ ರಸ್ತೆಗಿಳಿಸುವಂತಿಲ್ಲ. ಖಾಸಗಿ ಜಮೀನಿನಲ್ಲೋ ಟ್ರ್ಯಾಕಿನಲ್ಲೋ ಓಡಿಸುವ ಕಾರಿನ ಮಾತು ಬೇರೆ.

ಓಡಿಸುವ ಸುಖದಲ್ಲಿ ಮಾತ್ರ ನನ್ನ ಮನಸ್ಸು ರೋಡ್‌ಸ್ಟರಿನ ಕಡೆಗೇ ವಾಲುತ್ತದೆ. ಹಿಂದಿನ ಆಕ್ಸಲಿನ ಹತ್ತಿರವೇ ಕುಳಿತು ಉದ್ದನೆಯ ಬಾನೆಟ್ಟಿನಾಚೆ ಚಕ್ರಗಳು ತಿರುಗುವುದನ್ನು ನೋಡುತ್ತಾ ವಾರಿಕ್‌ಶೈರಿನ ಹಳ್ಳಿದಾರಿಗಳಲ್ಲಿ ಹೋಗುವ ಅನುಭವವನ್ನು ಎಕ್ಸೋಸೆಟ್ ಕೊಡುವುದಿಲ್ಲ. ರೋಡ್‌ಸ್ಟರಿಗೆ ವಿಂಡ್‌ಸ್ಕ್ರೀನ್ ಮತ್ತು ಹುಡ್ ಇರುವುದರಿಂದ ಮಳೆಯಲ್ಲೂ ಹೇಗೋ ಮನೆ ಸೇರಬಹುದು. ನನ್ನ ಎಕ್ಸೋಸೆಟ್ಟಿಗೆ ಬಾಗಿಲೂ ಇಲ್ಲ, ಚಾವಣಿಯೂ ಇಲ್ಲ; ಆದರೆ ಚಳಿಗಾಲದ ಬೆಳಿಗ್ಗೆ ಕೀಲಿ ತಿರುಗಿಸಿದೊಡನೆ ಇಂಜಿನ್ ಹತ್ತಿಕೊಳ್ಳುತ್ತದೆ. ಕಾರ್ಬ್ಯುರೇಟರಿನ ಪಿಂಟೋಗೆ ಚೋಕ್ ಎಳೆದು ಸ್ವಲ್ಪ ಹೊತ್ತು ಕಾಯಬೇಕು. ವೆಲ್ಡಿಂಗ್ ಕಲಿಯುವ ಆಸೆಯೂ ಬಿಡುವೂ ಇರುವವರು ಈ ಮೊದಲೇ ಸಿಯೆರಾದ ಭಾಗಗಳು ಕೈಯಲ್ಲಿದ್ದರೆ ರೋಡ್‌ಸ್ಟರನ್ನು ಕಟ್ಟಲಿ. ಹಣ ಅಳೆದು ತೂಗಿ ಖರ್ಚು ಮಾಡಬೇಕಾದವರು ಸಿಲ್ಲು ಕೊಳೆತ, ಇಂಜಿನ್ ಚೆನ್ನಾಗಿರುವ ಎಂಎಕ್ಸ್-5 ಒಂದನ್ನು ಹುಡುಕಲಿ, ಮತ್ತು ಕೊಳ್ಳುವ ಮುನ್ನ ಕಾರಿನಡಿ ಬಗ್ಗಿ ಹಿಂದಿನ ಸಬ್‌ಫ್ರೇಮನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ಪರೀಕ್ಷಿಸಲಿ.