ಬಟ್ಟೆಯ ಮೇಲೆ ಬರೆದು ಗೋಡೆಗೆ ಅಂಟಿಸುವ ಭಿತ್ತಿಚಿತ್ರ: ಹದಿಹರೆಯದವರ ಯೋಜನೆಗೆ ಎಷ್ಟು ಒಗ್ಗುತ್ತದೆ?

ಹದಿಹರೆಯದವರನ್ನು ವೃತ್ತಿನಿರತ ಕಲಾವಿದರ ಜೊತೆ ಕೂಡಿಸುವ ಸಮುದಾಯ ಯೋಜನೆಗಳಲ್ಲಿ ಎಲ್ಲಕ್ಕಿಂತ ಬೇಗ ಕಣ್ಣಿಗೆ ಬೀಳುವುದು ಭಿತ್ತಿಚಿತ್ರ. ಅದನ್ನು ಮಾಡಿಸಲು ಹಲವು ಸಂಸ್ಥೆಗಳು ಹಿಡಿದಿರುವ ದಾರಿ ಒಂದಿದೆ: ನೇರವಾಗಿ ಗೋಡೆಯ ಮೇಲೆ ಬರೆಯದೆ, ತೆಳ್ಳಗಿನ, ನೇಯದ ಪಾಲಿಯೆಸ್ಟರ್ ಬಟ್ಟೆಯ ಮೇಲೆ ತುಂಡು ತುಂಡಾಗಿ ಬರೆದು ಆಮೇಲೆ ಗೋಡೆಗೆ ಅಂಟಿಸುವುದು. ಪ್ಯಾರಾಶೂಟ್ ಬಟ್ಟೆ ಎಂಬ ಹೆಸರಿನಲ್ಲಿ ಇದು ಬಳಕೆಯಲ್ಲಿದೆ. ಸಾಮಗ್ರಿಯಾಗಿ ಇದು ಅತ್ಯುತ್ತಮ. ಕಲಿಸುವ ವಿಧಾನವಾಗಿ ಮಾತ್ರ ಇದರಲ್ಲಿ ಒಂದು ದೊಡ್ಡ ಗುಂಡಿಯಿದೆ, ಬಹಳಷ್ಟು ಯೋಜನೆಗಳು ಅದರಲ್ಲೇ ಬೀಳುತ್ತವೆ.

ಮೊದಲು ಅನುಕೂಲ. ಅಟ್ಟಣಿಗೆ ಹತ್ತಿಸಲಾಗದ ವಯಸ್ಸಿನವರು ಮೇಜಿನ ಮೇಲೆ ಕೂತು ಬರೆಯಬಹುದು. ಬಿಸಿಲು ಮಳೆಯ ಹಂಗಿಲ್ಲ. ಹೊರಗೆ ಬರಲಾಗದವರಿಗೂ ಕೆಲಸ ತಲುಪುತ್ತದೆ: ಫಿಲಡೆಲ್ಫಿಯಾದ ಮ್ಯೂರಲ್ ಆರ್ಟ್ಸ್ ಇದೇ ಬಟ್ಟೆಯನ್ನು ಶಾಲೆಗಳಿಗೂ ಸೆರೆಮನೆಯೊಳಕ್ಕೂ ಕಳಿಸಿ ಬರೆಸಿದೆ. ಆ ಸಂಸ್ಥೆಯ ಬೇರು 1984ರ ಗ್ರಾಫಿಟಿ ವಿರೋಧಿ ಕಾರ್ಯಕ್ರಮದಲ್ಲಿದೆ. ಗೋಡೆಗಳ ಮೇಲೆ ಕದ್ದು ಬರೆಯುತ್ತಿದ್ದ ಹುಡುಗರನ್ನು ಕರೆತಂದು ಚಿತ್ರ ಕಲಿಸುವ ಕೆಲಸ ಅಲ್ಲಿ ಕಲಾವಿದೆ ಜೇನ್ ಗೋಲ್ಡನ್ ಅವರದಾಗಿತ್ತು.

ಬಟ್ಟೆಯನ್ನು ಸಾಮಾನ್ಯವಾಗಿ ಐದು ಅಡಿ ಚೌಕಗಳಾಗಿ ಕತ್ತರಿಸುತ್ತಾರೆ. ಮೂವತ್ತು ಅಡಿ ಉದ್ದ, ಇಪ್ಪತ್ತು ಅಡಿ ಎತ್ತರದ ಗೋಡೆಗೆ 24 ಚೌಕ ಬೇಕು. ಪ್ರತಿ ಚೌಕದ ಹಿಂಬದಿಯಲ್ಲಿ ಅಡ್ಡಸಾಲು ಮತ್ತು ಕಂಬಸಾಲಿನ ಸಂಖ್ಯೆ, ಜೊತೆಗೆ ಮೇಲ್ಭಾಗ ಯಾವುದೆಂದು ತೋರಿಸುವ ಬಾಣ ಇರಲೇಬೇಕು. ಆಕಾಶ, ನೀರಿನಂಥ ಚೌಕಗಳು ತಲೆಕೆಳಗಾದರೆ ಅಂಟಿಸುವ ದಿನದವರೆಗೂ ಯಾರಿಗೂ ಗೊತ್ತಾಗುವುದಿಲ್ಲ. ಬಟ್ಟೆಯ ಅಡಿಯಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ, ಅಕ್ರಿಲಿಕ್ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಲೇಪ) ಹಚ್ಚಿ ಒಣಗಿಸಬೇಕು. ಹಾಳೆ ಇಲ್ಲದಿದ್ದರೆ ಬಣ್ಣ ಸೋರಿ ಬಟ್ಟೆ ಮೇಜಿಗೇ ಅಂಟುತ್ತದೆ. ರೇಖಾಚಿತ್ರವನ್ನು ಪ್ರೊಜೆಕ್ಟರ್‌ನಿಂದ ಇಳಿಸಬಹುದು, ಗ್ರಿಡ್, ಅಂದರೆ ಚೌಕಳಿ ಗೆರೆ, ಹಾಕಿಯೂ ಬರೆಯಬಹುದು. ಗ್ರಿಡ್ ನಿಧಾನ, ಆದರೆ ಅಳತೆಯ ಲೆಕ್ಕ ಕೈಗೆ ಹತ್ತುವುದು ಅದರಲ್ಲೇ. ಸಮಯವಿದ್ದರೆ ಪ್ರೊಜೆಕ್ಟರನ್ನು ಬೀಗ ಹಾಕಿಡುವುದೇ ವಾಸಿ.

ಬಣ್ಣದ ವಿಷಯದಲ್ಲಿ ಎಡವಟ್ಟು ಹೆಚ್ಚು. ಅಕ್ರಿಲಿಕ್ ಒಣಗಿದ ಮೇಲೆ ಒಂದಿಷ್ಟು ಗಾಢವಾಗುತ್ತದೆ. ಹಸಿ ಬಣ್ಣವನ್ನು ಒಣಗಿದ ಬಣ್ಣದ ಪಕ್ಕ ಇಟ್ಟು ಹೊಂದಿಸಲು ಹೋದವರೆಲ್ಲ ಮೋಸಹೋಗುತ್ತಾರೆ. ಪ್ರತಿ ಮಿಶ್ರಣದ ತುಣುಕನ್ನು ಬಟ್ಟೆಯ ಚೂರಿನ ಮೇಲೆ ಹಚ್ಚಿ, ಒಣಗಿಸಿ, ಡಬ್ಬಿಯ ಮುಚ್ಚಳಕ್ಕೆ ಅಂಟಿಸಿಡಬೇಕು. ಲೆಕ್ಕಕ್ಕಿಂತ ಕಾಲುಭಾಗ ಹೆಚ್ಚು ಕಲಸಿಡಬೇಕು, ಯಾಕೆಂದರೆ ನಡುವೆ ಮುಗಿದ ಬಣ್ಣವನ್ನು ಮತ್ತೆ ಅದೇ ಛಾಯೆಗೆ ತರಲು ಅರ್ಧ ದಿನ ಹೋಗುತ್ತದೆ. ಬರೆದ ಚೌಕಗಳನ್ನು ಮುಖಕ್ಕೆ ಮುಖ ಇಟ್ಟು ಸುತ್ತಿದರೆ ಒಂದಕ್ಕೊಂದು ಕಚ್ಚಿಕೊಂಡು, ಬಿಡಿಸುವಾಗ ಬಣ್ಣವೇ ಕಿತ್ತುಬರುತ್ತದೆ. ನಡುವೆ ಪಾಲಿಥೀನ್ ಹಾಳೆ ಇರಲಿ.

ಗುಂಡಿ ಎಂದದ್ದು ಇಲ್ಲಿದೆ. ಚೌಕಗಳಿಗೆ ಸಂಖ್ಯೆ, ಬಣ್ಣಕ್ಕೂ ಸಂಖ್ಯೆ ಬಂದಮೇಲೆ ಕೆಲಸ ಸಲೀಸಾಗುತ್ತದೆ: ಕಲಾವಿದರು ಮನೆಯಲ್ಲೇ ಚಿತ್ರ ಮುಗಿಸಿ, ಗೆರೆ ಎಳೆದು ತರುತ್ತಾರೆ. ಹದಿನಾರರ ಹುಡುಗಿ ಮೂರು ವಾರ 17ನೇ ನಂಬರಿನ ಹಸಿರನ್ನು 17 ಎಂದು ಬರೆದ ಜಾಗಕ್ಕೆ ತುಂಬುತ್ತಾಳೆ. ಫೋಟೋ ಚೆನ್ನಾಗಿ ಬರುತ್ತದೆ. ಅವಳಿಗೆ ಬಣ್ಣ ಕಲಸಲು ಬರುವುದಿಲ್ಲ, ಆ ಹಸಿರು ಅಲ್ಲಿ ಯಾಕೆ ಎಂಬುದೂ ಗೊತ್ತಿಲ್ಲ. ಒಂದು ದಿನದ ಉತ್ಸವಕ್ಕೆ ಬಂದು ಕುಂಚ ಹಿಡಿಯುವ ದಾರಿಹೋಕರಿಗೆ ಇಷ್ಟು ಸಾಕು. ಕಲಾವಿದರ ಜೊತೆಗಾರಿಕೆ ಎಂದು ಹೆಸರಿಟ್ಟ ಯೋಜನೆಗೆ ಇದು ಸಾಲದು.

ಹೋಲಿಕೆಗೆ ಲಾಸ್ ಏಂಜಲೀಸ್‌ನ ಗ್ರೇಟ್ ವಾಲ್ ಎಂಬ ಭಿತ್ತಿಚಿತ್ರ ನೋಡಬೇಕು. ಕಲಾವಿದೆ ಜುಡಿತ್ ಬಾಕಾ ಅವರ ಮುಂದಾಳತ್ವದಲ್ಲಿ 1976ರಲ್ಲಿ ಶುರುವಾಗಿ 1983ರವರೆಗೆ ಐದು ಬೇಸಿಗೆಗಳಲ್ಲಿ ನಡೆದ ಕೆಲಸ. ಉದ್ದ 2,754 ಅಡಿ, ದುಡಿದ ಹುಡುಗ ಹುಡುಗಿಯರು 400ಕ್ಕೂ ಹೆಚ್ಚು. ಪ್ರವಾಹದ ನೀರು ಹರಿಯುವ ಕಾಲುವೆಯ ಕಾಂಕ್ರೀಟ್ ಗೋಡೆಯಾದ್ದರಿಂದ ಬೇಸಿಗೆ ಬಿಟ್ಟರೆ ಇಳಿಯುವಂತಿರಲಿಲ್ಲ. ಅಲ್ಲಿ ಕುಂಚಕ್ಕಿಂತ ಮೊದಲು ಇತಿಹಾಸದ ಓದು, ಚರ್ಚೆ ನಡೆದವು, ಆಮೇಲೆ ಚಿತ್ರ ಹುಟ್ಟಿತು. ಬಟ್ಟೆಯ ವಿಧಾನದಲ್ಲೂ ಇದಕ್ಕೆ ಅಡ್ಡಿಯೇನಿಲ್ಲ. ಒಟ್ಟು ಅವಧಿಯ ಮೂರನೇ ಒಂದು ಭಾಗವನ್ನು ವಿಷಯ, ಸಣ್ಣ ಕರಡು, ಬಣ್ಣದ ಆಯ್ಕೆಗೆ ಎತ್ತಿಡಬೇಕು. ಕಡೇಪಕ್ಷ ಕೆಲವು ಚೌಕಗಳನ್ನು ಗೆರೆಯಿಲ್ಲದೆ ಖಾಲಿ ಬಿಟ್ಟು, ಮೊದಲ ಗೆರೆಯೂ ಅವರದೇ ಆಗಲು ಬಿಡಬೇಕು.

ಅವಧಿಯ ಲೆಕ್ಕ ಇನ್ನೊಂದು. ಎರಡು ಗಂಟೆಯ ತರಗತಿಯಲ್ಲಿ ಹರಡುವುದು, ತೊಳೆಯುವುದು ಸೇರಿ ಮುಕ್ಕಾಲು ಗಂಟೆ ಹೋಗುತ್ತದೆ. ಮೂರು ಗಂಟೆಗಿಂತ ಕಡಿಮೆ ಇಡಬಾರದು. ಒಬ್ಬ ಕಲಾವಿದರಿಗೆ ಹತ್ತು ಜನ, ಜೊತೆಗೊಬ್ಬ ಸಹಾಯಕ. ಅದಕ್ಕಿಂತ ಹೆಚ್ಚಾದರೆ ಕಲಾವಿದರು ಕಲಿಸುವುದನ್ನು ಬಿಟ್ಟು ಕಾವಲು ಕಾಯುತ್ತಾರೆ.

ಇನ್ನು ದುಡ್ಡು. ಕಲಾವಿದರಿಗೆ ತರಗತಿಯ ಗಂಟೆಗಷ್ಟೇ ಕೊಟ್ಟು ತಯಾರಿಯ ಗಂಟೆಗೆ ಕೊಡದಿದ್ದರೆ ಮೂರನೇ ವಾರಕ್ಕೆ ತಯಾರಿಯೇ ನಿಲ್ಲುತ್ತದೆ. ಹುಡುಗರಿಗೂ ಕೂಲಿ ಕೊಡುವುದು ವಾಡಿಕೆಯಾಗಬೇಕು. 1991ರಲ್ಲೇ ಶಿಕಾಗೋದ ಗ್ಯಾಲರಿ 37, ಬಾಸ್ಟನ್‌ನ ಆರ್ಟಿಸ್ಟ್ಸ್ ಫಾರ್ ಹ್ಯುಮ್ಯಾನಿಟಿ ಎಂಬ ಎರಡು ಯುವ ಕಲಾ ಯೋಜನೆಗಳು ಆರಂಭವಾದವು. ಎರಡರಲ್ಲೂ ಹದಿಹರೆಯದವರನ್ನು ಸಂಬಳ ಕೊಟ್ಟೇ ಸೇರಿಸಿಕೊಂಡರು. ಸಂಬಳವಿಲ್ಲದ ಕಡೆ ಅರೆಕಾಲಿಕ ಕೆಲಸಕ್ಕೆ ಹೋಗಬೇಕಾದ ಮಕ್ಕಳು ಮೊದಲು ಉದುರುತ್ತಾರೆ, ಕೊನೆಗೆ ಮನೆಯಲ್ಲಿ ಅನುಕೂಲವಿದ್ದವರು ಮಾತ್ರ ಉಳಿಯುತ್ತಾರೆ.

ಅಂಟಿಸುವ ಹಂತ ಅವಸರ ಕೇಳುವುದಿಲ್ಲ. ಹೊಸ ಸಿಮೆಂಟ್ ಗಾರೆ 28 ದಿನ ಕ್ಯೂರ್ ಆಗಬೇಕು, ಅಂದರೆ ಪೂರ್ತಿ ಗಟ್ಟಿಯಾಗಬೇಕು. ಗೋಡೆಯಲ್ಲಿ ತೇವವಿದ್ದರೆ ನೀರಿನೊಡನೆ ಉಪ್ಪು ಹೊರಬಂದು ಬಟ್ಟೆಯ ಹಿಂದೆ ಬಿಳಿ ಪುಡಿ ಕಟ್ಟುತ್ತದೆ, ಹಿಡಿತ ಬಿಡುತ್ತದೆ. ಚಿತ್ರ ಎಷ್ಟೇ ಚೆಂದವಿರಲಿ, ಸೋರುವ ಗೋಡೆಯನ್ನು ಮೊದಲೇ ಕೈಬಿಡಬೇಕು. ಗೋಡೆ ತೊಳೆದು ಪ್ರೈಮರ್ ಹಚ್ಚಿದ ಮೇಲೆ ಗೋಡೆಗೂ ಬಟ್ಟೆಯ ಬೆನ್ನಿಗೂ ದಪ್ಪನೆಯ ಅಕ್ರಿಲಿಕ್ ಜೆಲ್ ಬಳಿದು, ಚೌಕವನ್ನು ಕೂರಿಸಿ, ನಡುವಿನಿಂದ ಅಂಚಿನ ಕಡೆಗೆ ಒತ್ತುತ್ತಾ ಗಾಳಿ ಹೊರಹಾಕಬೇಕು. ಅಂಚಿನಿಂದ ಶುರುಮಾಡಿದರೆ ಗುಳ್ಳೆ ನಡುವೆ ಸಿಕ್ಕಿಕೊಳ್ಳುತ್ತದೆ. 10 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಜೆಲ್ ಸರಿಯಾಗಿ ಹಿಡಿಯುವುದಿಲ್ಲ. ಚೌಕಗಳ ನಡುವಿನ ಕೀಲುಗಳನ್ನು ಬಣ್ಣದಿಂದ ಮುಚ್ಚುವುದು ಕೊನೆಯ ಕೆಲಸ, ಅದನ್ನು ಕಲಾವಿದರು ರಾತ್ರೋರಾತ್ರಿ ಒಬ್ಬರೇ ಮುಗಿಸುವ ಅಭ್ಯಾಸವಿದೆ. ಮರುದಿನ ತಾನು ಬರೆದ ಮುಖ ಬೇರೆಯಾಗಿರುವುದನ್ನು ಕಂಡ ಮಗು ಮತ್ತೆ ಬರುವುದಿಲ್ಲ. ತಿದ್ದಬೇಕಾದ್ದನ್ನು ಬರೆದವರ ಕೈಯಲ್ಲೇ ತಿದ್ದಿಸಿ.

ಕೊನೆಯದಾಗಿ ಬಿಸಿಲು ತಡೆಯುವ ಪಾರದರ್ಶಕ ಲೇಪ. ಉಳಿದ ಬಣ್ಣಗಳನ್ನು ಸಂಖ್ಯೆಸಹಿತ ಗಾಳಿಯಾಡದ ಡಬ್ಬಿಗಳಲ್ಲಿ ಎತ್ತಿಡಿ, ಮೂಲೆ ಎದ್ದರೆ ಒಳಗೆ ಜೆಲ್ ತುಂಬಿ ಒತ್ತಿದರಾಯಿತು. ಆ ರಿಪೇರಿಯ ಹಣ ಮೊದಲ ಬಜೆಟ್‌ನಲ್ಲೇ ಇದೆಯೇ ಎಂದು ಯೋಜನೆಗೆ ಸೇರುವ ಮುಂಚೆ ಕೇಳಿ. ಇಲ್ಲ ಎಂದವರ ಗೋಡೆಗೆ ಸೇರಬೇಡಿ.