ಪ್ಯೂ ಅಥವಾ ಸರ್ಲ್: ವಿಶ್ವವಿದ್ಯಾಲಯದೊಳಗಿನ ಸ್ಪರ್ಧೆಗೆ ಯಾವುದನ್ನು ಆರಿಸುತ್ತೀರಿ?

ಅಮೆರಿಕದಲ್ಲಿ ಹೊಸದಾಗಿ ಲ್ಯಾಬ್ ಶುರು ಮಾಡಿದ ನಮ್ಮವರು ಕೇಳುವ ಪ್ರಶ್ನೆ ಇದು. ಪ್ಯೂ, ಸರ್ಲ್ ಎರಡೂ ಇಂಥ ಹೊಸ ವಿಜ್ಞಾನಿಗಳ ಸಂಶೋಧನೆಗೆ ದುಡ್ಡು ಕೊಡುವ ಅನುದಾನಗಳು; ಪಡೆದವರನ್ನು ಪ್ಯೂ ಸ್ಕಾಲರ್, ಸರ್ಲ್ ಸ್ಕಾಲರ್ ಎನ್ನುತ್ತಾರೆ. ಎರಡಕ್ಕೂ ನೇರವಾಗಿ ಅರ್ಜಿ ಹಾಕಲು ಆಗುವುದಿಲ್ಲ. ಆಹ್ವಾನ ಬಂದಿರುವ ವಿಶ್ವವಿದ್ಯಾಲಯವೇ ನಿಮ್ಮ ಹೆಸರು ಕಳಿಸಬೇಕು. ಹಾಗಾಗಿ ಮೊದಲ ಸ್ಪರ್ಧೆ ಪಕ್ಕದ ಲ್ಯಾಬಿನವರ ಜೊತೆಗೇ.

ಮೊತ್ತ ಎರಡರಲ್ಲೂ ಒಂದೇ, 3 ಲಕ್ಷ ಡಾಲರ್. ಪ್ಯೂ ಅದನ್ನು 4 ವರ್ಷಕ್ಕೆ ಹಂಚುತ್ತದೆ, ಸರ್ಲ್ 3 ವರ್ಷಕ್ಕೆ. ಕೈಯಲ್ಲಿ ಬೇಗ ದುಡ್ಡು ಬೇಕಿದ್ದರೆ ಸರ್ಲ್ ಒಳ್ಳೆಯದು. ಆದರೆ ಅಲ್ಲಿ ವರ್ಷಕ್ಕೆ ಸುಮಾರು 15 ಜನರನ್ನು ಮಾತ್ರ ಆರಿಸುತ್ತಾರೆ. ಪ್ಯೂನಲ್ಲಿ ಸುಮಾರು 22.

ನಿಜವಾದ ವ್ಯತ್ಯಾಸ ಸಮಯದ್ದು. ಸರ್ಲ್ ಕೆಲಸಕ್ಕೆ ಸೇರಿದ ಹೊಸತರಲ್ಲೇ ಇರುವವರಿಗೆ. ಪ್ಯೂ ಇನ್ನೂ ಸ್ವಲ್ಪ ವರ್ಷ ಕಾಯುತ್ತದೆ. ಅದಕ್ಕೇ ನನ್ನ ಸಲಹೆ: ಮೊದಲು ಸರ್ಲ್‌ಗೆ ಪ್ರಯತ್ನಿಸಿ. ಆ ಬಾಗಿಲು ಬೇಗ ಮುಚ್ಚುತ್ತದೆ, ಅಲ್ವಾ?

ವಿಷಯವನ್ನೂ ನೋಡಿ. ಸರ್ಲ್ ರಸಾಯನಶಾಸ್ತ್ರಕ್ಕೂ ಜೀವಶಾಸ್ತ್ರಕ್ಕೂ ಸಲ್ಲುತ್ತದೆ. ಜೀನ್ ತಿದ್ದುವ ಕ್ರಿಸ್ಪರ್ ತಂತ್ರಕ್ಕೆ ನೊಬೆಲ್ ಪಡೆದ ಜೆನಿಫರ್ ಡೌಡ್ನಾ ಸರ್ಲ್ ಸ್ಕಾಲರ್ ಆಗಿದ್ದವರು. ಪ್ಯೂ ಮನುಷ್ಯರ ಆರೋಗ್ಯಕ್ಕೆ ಹತ್ತಿರದ ಮೂಲ ಸಂಶೋಧನೆ ಕೇಳುತ್ತದೆ. ವರ್ಣತಂತುಗಳ ತುದಿಯನ್ನು ಉಳಿಸುವ ಟೆಲೊಮರೇಸ್ ಎಂಬ ಕಿಣ್ವವನ್ನು ಕಂಡುಹಿಡಿದವರಲ್ಲಿ ಒಬ್ಬರಾದ ಕರೋಲ್ ಗ್ರೈಡರ್ ಪ್ಯೂ ಸ್ಕಾಲರ್ ಆಗಿದ್ದವರು. ನಿಮ್ಮದು ಕ್ಯಾನ್ಸರ್ ಕೆಲಸವಾದರೆ ಪ್ಯೂ-ಸ್ಟೀವರ್ಟ್ ಎಂಬ ಬೇರೆ ದಾರಿಯೂ ಇದೆ.

ಒಳಗಿನ ಆಯ್ಕೆ ಸಮಿತಿಯಲ್ಲಿ ನಿಮ್ಮ ವಿಷಯದವರು ಇರದೇ ಇರಬಹುದು. ಆದ್ದರಿಂದ ಅರ್ಜಿಯ ಮೊದಲ ಪುಟವನ್ನು ಬೇರೆ ವಿಭಾಗದ ಗೆಳೆಯರಿಗೆ ಓದಿಸಿ. ಒಳಗಿನ ಕೊನೆಯ ದಿನಾಂಕ ಹೊರಗಿನದಕ್ಕಿಂತ ಮುಂಚೆಯೇ ಬರುತ್ತದೆ, ಈಗಲೇ ಸಂಶೋಧನಾ ಕಚೇರಿಯಲ್ಲಿ ವಿಚಾರಿಸಿ.